ಕೂಸಿಗೂ ಕಾಗದ ಬೇಕೆ? ದೇಶದೊಳಗಿನ ವಿಮಾನ ಪ್ರಯಾಣದಲ್ಲಿ ಚಿಕ್ಕ ಮಕ್ಕಳ ದಾಖಲೆಗಳು

ಬಸ್ಸಿನಲ್ಲಿ ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ, ಅಲ್ಲಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ರೈಲಿನಲ್ಲಿ ಐದು ವರ್ಷದೊಳಗಿನ ಮಗು, ಅದಕ್ಕೆಂದು ಬೇರೆ ಬರ್ತ್ ಕೇಳದಿದ್ದರೆ, ಉಚಿತವಾಗಿ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಭಾಗದ ಜನರಿಗೆ ಈ ಎರಡು ಲೆಕ್ಕಗಳು ಬಾಯಿಪಾಠವಾಗಿವೆ. ಕಂಡಕ್ಟರ್ "ಎಷ್ಟ ವರ್ಷರೀ ಇವಗ" ಎಂದು ಕೇಳುತ್ತಾರೆ, ತಾಯಿ ಹೇಳುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ವಿಮಾನದಲ್ಲಿ ಗೆರೆ ಎರಡು ವರ್ಷಕ್ಕೇ ಬೀಳುತ್ತದೆ ಮತ್ತು ಅಲ್ಲಿ ಬಾಯಿಮಾತು ನಡೆಯುವುದಿಲ್ಲ. ಕಲಬುರಗಿಯಲ್ಲಿ ಟಿಕೆಟ್ ಕಾಯ್ದಿರಿಸಿಕೊಡುವ ಕೆಲಸದಲ್ಲಿರುವ ನನಗೆ, ಮೊದಲ ಸಲ ವಿಮಾನ ಹತ್ತುವ ಕುಟುಂಬಗಳು ಹೆಚ್ಚಾಗಿ ಎಡವುವುದು ಈ ಒಂದು ಜಾಗದಲ್ಲಿಯೇ ಎಂಬುದು ವರ್ಷಗಳ ಅನುಭವದಿಂದ ತಿಳಿದಿದೆ.

ನಮ್ಮ ಭಾಗಕ್ಕೆ ವಿಮಾನ ಬಂದದ್ದೇ ತಡವಾಗಿ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ವಾಯುಪಡೆಯ ನೆಲೆಯಲ್ಲಿರುವ ಬೀದರ್ ನಿಲ್ದಾಣದಿಂದ ನಾಗರಿಕ ವಿಮಾನ ಹೊರಟದ್ದು 2020ರ ಫೆಬ್ರವರಿಯಲ್ಲಿ. ಯಾದಗಿರಿಯಲ್ಲಿ ನಿಲ್ದಾಣವಿಲ್ಲ. ಇಲ್ಲಿಂದ ಹಾರಾಟ ನಿಂತಾಗಲೆಲ್ಲ, ಅಥವಾ ದೂರದ ಊರಿಗೆ ಹೋಗುವಾಗ, ಮೂರೂ ಜಿಲ್ಲೆಯವರು ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಹೋಗುತ್ತಾರೆ. ಕಲಬುರಗಿಯಿಂದ ಅದು ಇನ್ನೂರು ಕಿಲೋಮೀಟರಿಗೂ ಹೆಚ್ಚು. ರಾತ್ರಿ ಹೊರಟು ನಸುಕಿನಲ್ಲಿ ಅಲ್ಲಿ ತಲುಪಿದ ಮೇಲೆ, ಮನೆಯ ಅಲಮಾರಿಯಲ್ಲಿ ಉಳಿದ ಒಂದು ಹಾಳೆ ನೆನಪಾದರೆ ತರಲು ದಾರಿಯೇ ಇರುವುದಿಲ್ಲ. ಆದ್ದರಿಂದ ಯಾವ ಕಾಗದ, ಯಾರಿಗೆ, ಯಾಕೆ ಬೇಕು ಎಂಬುದನ್ನು ಟಿಕೆಟ್ ತೆಗೆಸುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಗೊಂದಲಕ್ಕೆ ಮೂಲ ಕಾರಣ ಒಂದೇ. ನಿಲ್ದಾಣದಲ್ಲಿ ಮಗುವಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಇಬ್ಬರು ಬೇರೆ ಬೇರೆ ಜನ ಕೇಳುತ್ತಾರೆ. ಬಾಗಿಲಲ್ಲಿ ನಿಂತ ಭದ್ರತಾ ಸಿಬ್ಬಂದಿ ಕೇಳುವುದು "ಈ ಮಗು ಯಾರು?" ಎಂದು. ಒಳಗೆ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಕೇಳುವುದು "ಈ ಮಗುವಿಗೆ ಎಷ್ಟು ವಯಸ್ಸು?" ಎಂದು. ಒಂದಕ್ಕೆ ಉತ್ತರವಾಗುವ ಕಾಗದ ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ. "ಬಾಗ್ಲಾಗ ಬಿಟ್ಟಾರ, ಒಳಗ್ಯಾಕ ಕೇಳ್ತಾರ" ಎಂದು ಜನ ಸಿಟ್ಟಾಗುವುದು ಈ ವ್ಯತ್ಯಾಸ ಯಾರೂ ಹೇಳಿಕೊಡದೆ ಇರುವುದರಿಂದ.

ಮೊದಲ ಪ್ರಶ್ನೆಯನ್ನು ನೋಡೋಣ. ನಿಲ್ದಾಣದೊಳಗೆ ಯಾರನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಅದು 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಹತ್ತು ಬಗೆಯ ಭಾವಚಿತ್ರವಿರುವ ಗುರುತಿನ ದಾಖಲೆಗಳನ್ನು ಹೆಸರಿಸಿದೆ: ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಮೊಬೈಲಿನಲ್ಲಿರುವ ಎಂ-ಆಧಾರ್, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿ ಗುರುತಿನ ಚೀಟಿ, ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಪಿಂಚಣಿ ಕಾರ್ಡ್ ಮತ್ತು ಅಂಗವಿಕಲರ ಗುರುತಿನ ಚೀಟಿ. ಈ ಪಟ್ಟಿಯನ್ನು ಓದಿದರೆ ಗೊತ್ತಾಗುತ್ತದೆ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಿನ ಬಳಿ ಇವುಗಳಲ್ಲಿ ಇರಬಹುದಾದದ್ದು ಆಧಾರ್ ಅಥವಾ ಪಾಸ್‌ಪೋರ್ಟ್ ಮಾತ್ರ. ಅದಕ್ಕಾಗಿಯೇ ಅದೇ ಆದೇಶದಲ್ಲಿ ಒಂದು ವಿನಾಯಿತಿಯೂ ಇದೆ: ಸರಿಯಾದ ಗುರುತಿನ ದಾಖಲೆ ಇರುವ ತಂದೆ ಅಥವಾ ತಾಯಿಯ ಜೊತೆಯಲ್ಲಿ ಬರುವ ಕೂಸುಗಳು ಮತ್ತು ಅಪ್ರಾಪ್ತ ಮಕ್ಕಳು ತಮ್ಮದೇ ಗುರುತಿನ ಚೀಟಿಯನ್ನು ತೋರಿಸಬೇಕಾಗಿಲ್ಲ. ಪಾಲಕರ ಗುರುತೇ ಮಗುವಿನ ಗುರುತು.

ಈ ವಿನಾಯಿತಿಯನ್ನು ಅರ್ಧ ಕೇಳಿದವರು "ಸಣ್ಣ ಮಕ್ಕಳಿಗೆ ಏನೂ ಬೇಕಾಗಿಲ್ಲ" ಎಂದು ಊರೆಲ್ಲ ಹೇಳುತ್ತಾರೆ. ಆದರೆ ಆದೇಶದಲ್ಲಿರುವ ಮಾತು "ತಂದೆ ತಾಯಿಯ ಜೊತೆ" ಎಂಬುದು. ಅಜ್ಜ, ಅಜ್ಜಿ, ಕಾಕಾ, ಸೋದರಮಾವ ಅದರೊಳಗೆ ಬರುವುದಿಲ್ಲ. ನಮ್ಮ ಕಡೆ ಮಗುವನ್ನು ಕರೆದುಕೊಂಡು ಓಡಾಡುವವರು ಬಹಳ ಸಲ ಇವರೇ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳ ಕೂಸನ್ನು ಆಯಿ ಊರಿಗೆ ತಂದು ಸಾಕುತ್ತಾಳೆ, ಮತ್ತೆ ಕರೆದೊಯ್ದು ಬಿಡುತ್ತಾಳೆ.

ಅಂಥ ಒಬ್ಬ ಆಯಿಯನ್ನು ನಾನು ಒಮ್ಮೆ ನಿಲ್ದಾಣದ ಬಾಗಿಲಲ್ಲಿ ನೋಡಿದೆ. ಇಳಕಲ್ ಸೀರೆಯ ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು, ತನ್ನ ಆಧಾರ್ ಕಾರ್ಡನ್ನು ಮುಂದೆ ಹಿಡಿದು ನಿಂತಿದ್ದಳು. ಸಿಬ್ಬಂದಿ ಕೂಸಿನ ಕಾರ್ಡ್ ಕೇಳಿದಾಗ, "ಇಕಿ ನನ್ನ ಮಗಳ ಮಗಳು ರೀ. ನಂದು ತೋರಿಸೀನಲ್ಲ, ಕೂಸಿಗೆ ಎಂಥಾ ಕಾರ್ಡ?" ಎಂದಳು. ಅವರು ಗದರಲಿಲ್ಲ. "ಆಯಿ, ಇದರ ಅವ್ವ ಅಪ್ಪ ಸಂಗಡ ಇದ್ದಿದ್ರ ಬೇಕಾಗ್ತಿರಲಿಲ್ಲ. ಕೂಸಿನ ಕಾಗದ ಏನರೆ ಇದ್ರ ನೋಡ್ರಿ" ಎಂದರು. ಆಯಿ ನೆಲದ ಮೇಲೆ ಕುಳಿತು ಚೀಲ ಬಿಚ್ಚಿದಳು. ಹಾಲಿನ ಬಾಟಲಿ, ಎರಡು ಕುಲಾವಿ, ಎಲೆ ಅಡಿಕೆಯ ಸಂಚಿ, ಕೊನೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿಟ್ಟ ತಾಯಿ ಕಾರ್ಡ್. ಅದರ ಮಡಿಕೆಯೊಳಗೆ ನೀಲಿ ಬಣ್ಣದ ಬಾಲ ಆಧಾರ್ ಇತ್ತು. ಎರಡನ್ನೂ ಒಂದೇ ಕಡೆ ಇಡು ಎಂದು ಊರಿನ ಆಶಾ ಕಾರ್ಯಕರ್ತೆ ಹೇಳಿದ್ದಳಂತೆ. ಆ ಒಂದು ಮಾತು ಅವತ್ತು ಆ ಪ್ರಯಾಣವನ್ನು ಉಳಿಸಿತು.

ಅಜ್ಜ ಅಜ್ಜಿಯರ ಜೊತೆ ಮಗುವನ್ನು ಕಳಿಸುವವರು ಹಾಗಾಗಿ ಮಗುವಿನದೇ ಭಾವಚಿತ್ರವಿರುವ ದಾಖಲೆಯನ್ನು ಕೊಟ್ಟು ಕಳಿಸಬೇಕು. ಅದರ ಜೊತೆಗೆ ತಂದೆ ತಾಯಿ ಸಹಿ ಮಾಡಿದ ಒಪ್ಪಿಗೆಯ ಪತ್ರ ಮತ್ತು ಅವರ ಆಧಾರ್ ಪ್ರತಿ ಇದ್ದರೆ ಕೇಳಿದವರಿಗೆ ಸಮಾಧಾನವಾಗಿ ಉತ್ತರಿಸಬಹುದು. ನಿಯಮದಲ್ಲಿ ಎಲ್ಲೆಡೆ ಈ ಪತ್ರವನ್ನು ಕೇಳುವುದಿಲ್ಲವಾದರೂ, ಮಗುವಿನ ಅಡ್ಡಹೆಸರು ಅಜ್ಜಿಯದಕ್ಕೆ ಹೊಂದದಿರುವಾಗ ಸಂಬಂಧವನ್ನು ತಿಳಿಸುವ ಕಾಗದ ಅದೊಂದೇ ಆಗಿರುತ್ತದೆ. ಹತ್ತು ದಾಖಲೆಗಳಲ್ಲಿ ಒಂದೂ ಇಲ್ಲದವರಿಗೆ ಆದೇಶದಲ್ಲಿ ಇನ್ನೊಂದು ದಾರಿಯಿದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ 'ಎ' ಗುಂಪಿನ ಗೆಜೆಟೆಡ್ ಅಧಿಕಾರಿಯೊಬ್ಬರು ತಮ್ಮ ಕಚೇರಿಯ ಲೆಟರ್‌ಹೆಡ್ ಮೇಲೆ, ಭಾವಚಿತ್ರವನ್ನು ದೃಢೀಕರಿಸಿ, ಗುರುತಿನ ಪ್ರಮಾಣಪತ್ರ ಕೊಡಬಹುದು. ಇದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಪ್ರಯಾಣಕ್ಕೆ ವಾರಗಳ ಮುಂಚೆ ಯೋಚಿಸಿದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇನ್ನು ಎರಡನೆಯ ಪ್ರಶ್ನೆ, ವಯಸ್ಸು. ಎರಡು ವರ್ಷ ತುಂಬದ ಮಗುವನ್ನು ವಿಮಾನದ ಭಾಷೆಯಲ್ಲಿ 'ಇನ್ಫಂಟ್' ಎನ್ನುತ್ತಾರೆ. ನಾವು ಕೂಸು ಎನ್ನೋಣ. ಕೂಸಿಗೆ ಬೇರೆ ಆಸನವಿಲ್ಲ, ದೊಡ್ಡವರ ತೊಡೆಯ ಮೇಲೆ ಕೂರಬೇಕು, ಅದಕ್ಕೆ ಸಂಸ್ಥೆಗಳು ಒಂದು ನಿಗದಿತ ಶುಲ್ಕವನ್ನು ಮಾತ್ರ ತೆಗೆದುಕೊಳ್ಳುತ್ತವೆ. ಎರಡು ತುಂಬಿದ ಮರುಕ್ಷಣದಿಂದ ಹನ್ನೆರಡರವರೆಗೆ ಅದು 'ಚೈಲ್ಡ್'. ಸ್ವಂತ ಆಸನ ಬೇಕೇ ಬೇಕು, ದರ ಬಹುಪಾಲು ದೊಡ್ಡವರಷ್ಟೇ. ಅರ್ಧ ಟಿಕೆಟ್ ಎಂಬ ನಮ್ಮ ಬಸ್ಸಿನ ರೂಢಿ ಇಲ್ಲಿಲ್ಲ. ಹಾಗಾಗಿ ಮಗು ಗೆರೆಯ ಯಾವ ಕಡೆ ಇದೆ ಎಂಬುದಕ್ಕೆ ಸಂಸ್ಥೆ ತಾರೀಖು ಬರೆದಿರುವ ಕಾಗದವನ್ನು ಕೇಳುತ್ತದೆ. ತಂದೆ ತಾಯಿ ಇಬ್ಬರೂ ಪಕ್ಕದಲ್ಲಿ ನಿಂತಿದ್ದರೂ ಕೇಳುತ್ತದೆ, ಏಕೆಂದರೆ ತಾಯಿಯ ಆಧಾರ್ ಕಾರ್ಡಿನಲ್ಲಿ ಕೂಸಿನ ಹುಟ್ಟಿದ ದಿನ ಬರೆದಿರುವುದಿಲ್ಲ.

ಇದು ಬರೀ ಹಣದ ಲೆಕ್ಕವೆಂದು ಅನೇಕರು ಭಾವಿಸುತ್ತಾರೆ. ಸುರಕ್ಷತೆಯ ಲೆಕ್ಕ ಅದಕ್ಕಿಂತ ದೊಡ್ಡದು. ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿಯುತ್ತವೆ. ಒಟ್ಟಿಗೆ ಜೋಡಿಸಿದ ಆಸನಗಳ ಗುಂಪಿಗೆ ಆಸನಗಳಿಗಿಂತ ಒಂದು ಮುಖವಾಡ ಹೆಚ್ಚಿಗೆ ಇಟ್ಟಿರುತ್ತಾರೆ, ಆ ಒಂದು ತೊಡೆಯ ಮೇಲಿನ ಕೂಸಿಗಾಗಿ. ಮೂರು ಆಸನಗಳ ಸಾಲಿನಲ್ಲಿ ಎರಡು ಕೂಸುಗಳಾದರೆ ಒಂದಕ್ಕೆ ಮುಖವಾಡವಿಲ್ಲ. ಅದಕ್ಕೇ ಅಕ್ಕ ತಂಗಿಯರಿಬ್ಬರು ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಪಕ್ಕ ಪಕ್ಕ ಕೂರಲು ಹೋದರೆ ಸಿಬ್ಬಂದಿ ಒಬ್ಬರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ. ಕೂಸಿಗೆಂದೇ ಬೇರೆ ಅಳತೆಯ ಜೀವರಕ್ಷಕ ಕವಚವಿರುತ್ತದೆ, ದೊಡ್ಡವರ ಪಟ್ಟಿಗೆ ಸಿಕ್ಕಿಸುವ ಸಣ್ಣ ಪಟ್ಟಿ ಇರುತ್ತದೆ. ಒಬ್ಬ ದೊಡ್ಡವರಿಗೆ ತೊಡೆಯ ಮೇಲೆ ಒಂದೇ ಕೂಸು. ಅವಳಿ ಮಕ್ಕಳನ್ನು ತಾಯಿ ಒಬ್ಬಳೇ ತೊಡೆಯ ಮೇಲಿಟ್ಟುಕೊಂಡು ಹೋಗುವಂತಿಲ್ಲ. ಒಂದು ವಿಮಾನದಲ್ಲಿ ಇಷ್ಟೇ ಕೂಸುಗಳೆಂದು ಮಿತಿಯೂ ಇರುತ್ತದೆ. ಕೂಸನ್ನು ಟಿಕೆಟ್ಟಿನಲ್ಲಿ ಸೇರಿಸದೆ ನೇರ ನಿಲ್ದಾಣಕ್ಕೆ ಬರಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದೇ ಕಾರಣಕ್ಕೆ.

ವಯಸ್ಸಿಗೆ ಸಾಕ್ಷಿಯಾಗಿ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದು ಜನನ ಪ್ರಮಾಣಪತ್ರ, ಹುಟ್ಟಿದ ದಿನ ಪೂರ್ತಿ ಬರೆದಿರುವ ಆಧಾರ್, ಪಾಸ್‌ಪೋರ್ಟ್, ಲಸಿಕೆಯ ಕಾರ್ಡ್, ಮತ್ತು ಹೆರಿಗೆಯಾದ ಆಸ್ಪತ್ರೆಯ ಬಿಡುಗಡೆ ಪತ್ರ. ನಮ್ಮ ತಾಯಿ ಕಾರ್ಡಿನಲ್ಲಿ ಲಸಿಕೆಯ ಪುಟಗಳಿರುವುದರಿಂದ, ಅದರಲ್ಲಿ ಹುಟ್ಟಿದ ದಿನವನ್ನು ಸ್ಪಷ್ಟವಾಗಿ ಬರೆಸಿಕೊಂಡಿದ್ದರೆ ಉಪಯೋಗಕ್ಕೆ ಬರುತ್ತದೆ. ಆದರೆ ಪೆನ್ನಿನಲ್ಲಿ ಬರೆದು, ಎಣ್ಣೆಯ ಕೈಯಲ್ಲಿ ಹಿಡಿದು, ಮಳೆಯಲ್ಲಿ ನೆಂದು ಅಕ್ಷರ ಹರಡಿದ ಕಾರ್ಡನ್ನು ಕೌಂಟರಿನವರು ಓದಲಾರರು. ಕಾಗದವೇ ಇಲ್ಲದಿದ್ದರೆ ಪೂರ್ತಿ ದರದ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ; ಆಸನ ಖಾಲಿ ಇಲ್ಲದಿದ್ದರೆ ಪ್ರಯಾಣವೇ ತಪ್ಪುತ್ತದೆ.

ಎಲ್ಲಕ್ಕೂ ತಾಯಿಬೇರು ಜನನ ಪ್ರಮಾಣಪತ್ರ. 1969ರ ಜನನ ಮತ್ತು ಮರಣಗಳ ನೋಂದಣಿ ಕಾಯ್ದೆಯ ಪ್ರಕಾರ ಹೆರಿಗೆಯಾದ 21 ದಿನಗಳೊಳಗೆ ಜನನವನ್ನು ತಿಳಿಸಬೇಕು. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯ ಹೆರಿಗೆಯಾದರೆ ಮನೆಯ ಹಿರಿಯರ ಹೊಣೆ. ಮೂವತ್ತು ದಿನಗಳವರೆಗೆ ತಡದ ಶುಲ್ಕದೊಡನೆ ಮಾಡಿಸಬಹುದು. ಒಂದು ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ ಬೇಕು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಇದರ ಬೆಲೆ ಇನ್ನೂ ಹೆಚ್ಚಿದೆ. ಆ ದಿನ ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲೆಯ ದಾಖಲಾತಿ, ಆಧಾರ್, ಪಾಸ್‌ಪೋರ್ಟ್, ಮುಂದೆ ಮತದಾರರ ಪಟ್ಟಿ, ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಈ ಪತ್ರವೇ.

ಇಲ್ಲಿ ನಮ್ಮ ಭಾಗದ ಎರಡು ಪದ್ಧತಿಗಳು ತೊಡಕು ತರುತ್ತವೆ. ಮೊದಲನೆಯದು ತವರು ಮನೆಯ ಬಾಣಂತನ. ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ, ಗಂಡನ ಮನೆಯ ಊರಿನಲ್ಲಲ್ಲ. ಸೇಡಂನ ಸೊಸೆ ಶಹಾಪುರದ ತವರಿಗೆ ಹೋಗಿ ಹೆತ್ತರೆ ಪತ್ರಕ್ಕಾಗಿ ಹೋಗಬೇಕಾದದ್ದು ಶಹಾಪುರಕ್ಕೆ. ಆಳಂದ, ಅಫಜಲಪುರ ಕಡೆಯವರು ಸೊಲ್ಲಾಪುರದ ಆಸ್ಪತ್ರೆಗೆ ಹೋಗುವುದುಂಟು, ಬೀದರಿನವರು ಹೈದರಾಬಾದಿಗೆ ಹೋಗುವುದುಂಟು. ಆಗ ಪತ್ರ ಕೊಡುವುದು ಮಹಾರಾಷ್ಟ್ರ ಅಥವಾ ತೆಲಂಗಾಣದ ಕಚೇರಿ. ಬಾಣಂತಿ ಗಂಡನ ಮನೆಗೆ ಮರಳುವ ಮುನ್ನವೇ ಪತ್ರವನ್ನು ಕೈಯಲ್ಲಿ ಹಿಡಿದು ಹೊರಡುವುದು ಲೇಸು. ಮೊದಲ ಪ್ರತಿಗೆ ಶುಲ್ಕವಿಲ್ಲ.

ಎರಡನೆಯದು ಹೆಸರು. ತೊಟ್ಟಿಲ ಕಾರ್ಯ ತಡವಾಗುತ್ತದೆ, ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳುವವರೆಗೆ ಮಗುವಿಗೆ ಹೆಸರಿಲ್ಲ, ಅಷ್ಟರಲ್ಲಿ ಆಸ್ಪತ್ರೆಯವರು ನೋಂದಣಿ ಮಾಡಿಸಿರುತ್ತಾರೆ. ಹಾಗಾಗಿ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಹೆಸರಿಲ್ಲದೆಯೂ ಜನನ ನೋಂದಣಿ ಕಾನೂನುಬದ್ಧವೇ. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಉಚಿತವಾಗಿ, ಆಮೇಲೆ ಹದಿನೈದು ವರ್ಷಗಳವರೆಗೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಆದರೆ ಖಾಲಿ ಜಾಗವಿರುವ ಪತ್ರ ಹಿಡಿದು, ಟಿಕೆಟ್ಟಿನಲ್ಲಿ ಬರೆಸಿದ ಹೆಸರಿನ ಮಗು ಇದೇ ಎಂದು ಕೌಂಟರಿನಲ್ಲಿ ನಂಬಿಸುವುದು ಕಷ್ಟ. ತೊಟ್ಟಿಲು ಕಟ್ಟಿದ ವಾರದಲ್ಲೇ ಹೆಸರು ಸೇರಿಸಿಬಿಡಬೇಕು. ಟಿಕೆಟ್ ಬರೆಸುವಾಗ ಆ ಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳು ಹೇಗಿವೆಯೋ ಹಾಗೆಯೇ ಬರೆಸಬೇಕು. ಮನೆಯಲ್ಲಿ ಕರೆಯುವ ಹೆಸರನ್ನು ಫೋನಿನಲ್ಲಿ ಹೇಳಿ ಟಿಕೆಟ್ ಮಾಡಿಸಿ, ಆಮೇಲೆ ತಿದ್ದಿಸಲು ಓಡಾಡಿದವರನ್ನು ನಾನು ಪ್ರತಿ ಜಾತ್ರೆಯ ಹಂಗಾಮಿನಲ್ಲೂ ನೋಡುತ್ತೇನೆ.

ಆಧಾರ್ ಬಗ್ಗೆ ಹೇಳಬೇಕಾದದ್ದು ಬೇರೆಯೇ ಇದೆ. ಐದು ವರ್ಷದೊಳಗಿನ ಮಗುವಿನ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ; ಭಾವಚಿತ್ರ ತೆಗೆದು, ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಿಸಿ ನೀಲಿ ಬಣ್ಣದ ಬಾಲ ಆಧಾರ್ ಕೊಡುತ್ತಾರೆ. ಮಗುವಿಗೆ ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳಚ್ಚು ಕೊಟ್ಟು ನವೀಕರಿಸುವುದು ಕಡ್ಡಾಯ. ಏಳು ವರ್ಷ ದಾಟಿದರೂ ಮಾಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗಬಹುದು. 2025ರ ಅಕ್ಟೋಬರ್ 1ರಿಂದ ಒಂದು ವರ್ಷದವರೆಗೆ ಏಳರಿಂದ ಹದಿನೈದು ವರ್ಷದ ಮಕ್ಕಳಿಗೂ ಈ ನವೀಕರಣದ ಶುಲ್ಕವನ್ನು ಪ್ರಾಧಿಕಾರ ಮನ್ನಾ ಮಾಡಿದೆ. ಮೂರು ತಿಂಗಳ ಕೂಸಾಗಿದ್ದಾಗ ತೆಗೆದ ಚಿತ್ರವನ್ನು ನಾಲ್ಕು ವರ್ಷದ, ಅದೂ ತಿರುಪತಿಯಲ್ಲಿ ಜವಳ ಮಾಡಿಸಿಕೊಂಡು ಬೋಳುತಲೆಯಲ್ಲಿ ಮರಳುವ ಮಗುವಿನ ಮುಖಕ್ಕೆ ಹೋಲಿಸಿ ನೋಡುವ ಸಿಬ್ಬಂದಿಯ ಕಷ್ಟವೂ ಸಣ್ಣದಲ್ಲ. ಅಜ್ಜಿಯ ಜೊತೆ ಪ್ರಯಾಣಿಸುವ ಮಗುವಾದರೆ ಚಿತ್ರವನ್ನೂ ಹೊಸದು ಮಾಡಿಸುವುದು ಕ್ಷೇಮ. ಶಾಲೆಗೆ ಹೋಗುವ ಮಗುವಿಗೆ ಗುರುತಿನ ಚೀಟಿ ಇರುತ್ತದೆ ಎಂದು ಅದೊಂದನ್ನೇ ನೆಚ್ಚಬಾರದು. ಅನೇಕ ಶಾಲೆಗಳ ಚೀಟಿಯಲ್ಲಿ ಪೂರ್ಣ ಹೆಸರೇ ಇರುವುದಿಲ್ಲ.

ಹೋಗುವಾಗ ಒಂದು ವಯಸ್ಸು, ಬರುವಾಗ ಇನ್ನೊಂದು ವಯಸ್ಸಾಗುವ ಸಂದರ್ಭವನ್ನೂ ಬಿಡಿಸಿ ಹೇಳಬೇಕು. 2024ರ ಜನವರಿ 10ರಂದು ಹುಟ್ಟಿದ ಮಗುವೊಂದು 2026ರ ಜನವರಿ 5ರಂದು ಹೋಗಿ 14ರಂದು ಮರಳಬೇಕಿತ್ತು ಎಂದಿಟ್ಟುಕೊಳ್ಳಿ. ಹೋಗುವ ದಿನ ಅದಕ್ಕೆ ಎರಡು ತುಂಬಿಲ್ಲ, ಅಂದರೆ ಕೂಸು. ಮರಳುವ ದಿನ ಎರಡು ತುಂಬಿ ನಾಲ್ಕು ದಿನ. ಲೆಕ್ಕಕ್ಕೆ ಬರುವುದು ಟಿಕೆಟ್ ತೆಗೆದ ದಿನದ ವಯಸ್ಸಲ್ಲ, ಪ್ರಯಾಣದ ದಿನದ್ದು. ಆದ್ದರಿಂದ ಹೋಗುವಾಗ ಕೂಸಿನ ಟಿಕೆಟ್, ಬರುವಾಗ ಮಗುವಿನ ಟಿಕೆಟ್ ತೆಗೆಯಬೇಕು. ಹೋಗುವ ಬರುವ ಟಿಕೆಟ್ಟನ್ನು ಒಟ್ಟಿಗೆ ಮಾಡಿಸುವವರು ಇದನ್ನು ಗಮನಿಸುವುದೇ ಇಲ್ಲ. ಊರಿನಲ್ಲಿದ್ದಾಗ ಹಣ ಹೊಂದಿಸಬಹುದು, ಬೇರೆ ಊರಿನ ಕೌಂಟರಿನಲ್ಲಿ ನಿಂತು ಕೊನೆಗಳಿಗೆಯ ದರದಲ್ಲಿ ಆಸನ ಹುಡುಕುವುದು ಕಷ್ಟದ ಮಾತು.

ಹುಟ್ಟಿ ಕೆಲವೇ ದಿನಗಳಾದ ಕೂಸನ್ನು ಚಿಕಿತ್ಸೆಗೆಂದು ಕರೆದೊಯ್ಯಬೇಕಾದವರಿಗೆ ಜನನ ಪ್ರಮಾಣಪತ್ರ ಇನ್ನೂ ಸಿಕ್ಕಿರುವುದಿಲ್ಲ. ಆಗ ಆಸ್ಪತ್ರೆಯ ಬಿಡುಗಡೆ ಪತ್ರವೇ ಆಧಾರ. ಅದರ ಜೊತೆ, ಕೂಸು ಹಾರಾಟಕ್ಕೆ ತಕ್ಕ ಸ್ಥಿತಿಯಲ್ಲಿದೆ ಎಂಬ ವೈದ್ಯರ ಪತ್ರವನ್ನು ಸಂಸ್ಥೆಗಳು ಕೇಳುತ್ತವೆ. ಎಷ್ಟು ದಿನಗಳಾದ ಮೇಲೆ ಒಪ್ಪುತ್ತಾರೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ಫೋನ್ ಮಾಡಿ ಕೇಳಿಯೇ ಟಿಕೆಟ್ ತೆಗೆಯಬೇಕು. ಹಾಗೆಯೇ ಐದರಿಂದ ಹನ್ನೆರಡು ವರ್ಷದ ಮಗುವನ್ನು ಒಂಟಿಯಾಗಿ ಕಳಿಸುವ ಸೌಲಭ್ಯ ಕೆಲವು ಸಂಸ್ಥೆಗಳಲ್ಲಿದೆ. ಹೆಚ್ಚಿನ ಶುಲ್ಕವಿರುತ್ತದೆ, ಬಿಡುವವರ ಮತ್ತು ಅಲ್ಲಿ ಕರೆದುಕೊಳ್ಳುವವರ ಹೆಸರು, ಫೋನ್ ಸಂಖ್ಯೆ ಮುಂಚಿತವಾಗಿ ಬರೆದುಕೊಡಬೇಕು, ಕರೆದುಕೊಳ್ಳುವವರು ತಮ್ಮ ಗುರುತಿನ ಚೀಟಿ ತೋರಿಸಿದ ಮೇಲೆಯೇ ಮಗುವನ್ನು ಒಪ್ಪಿಸುತ್ತಾರೆ. ಬರೆದುಕೊಟ್ಟದ್ದು ಮಾವನ ಹೆಸರಾಗಿದ್ದು ಬಂದು ನಿಂತವರು ಅತ್ತೆಯಾದರೆ ಒಪ್ಪಿಸುವುದಿಲ್ಲ, ಮತ್ತು ಒಪ್ಪಿಸಬಾರದು.

ಆಸನದ ವಿಷಯದಲ್ಲಿ 2024ರ ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಬದಲಾವಣೆಯಾಯಿತು. ಒಂದೇ ಟಿಕೆಟ್ ಸಂಖ್ಯೆಯಡಿ ಪ್ರಯಾಣಿಸುವ ಹನ್ನೆರಡು ವರ್ಷದವರೆಗಿನ ಮಗುವಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಕನಿಷ್ಠ ಒಬ್ಬರ ಪಕ್ಕದಲ್ಲಿ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಂಸ್ಥೆಗಳಿಗೆ ಸೂಚಿಸಿದೆ. 'ಒಂದೇ ಸಂಖ್ಯೆಯಡಿ' ಎಂಬುದು ಇಲ್ಲಿ ಮುಖ್ಯ. ಅಪ್ಪ ಬೆಂಗಳೂರಿನಿಂದ ತನ್ನ ಟಿಕೆಟ್ಟನ್ನು, ಮುತ್ಯಾ ಕಲಬುರಗಿಯಿಂದ ಮೊಮ್ಮಗನ ಟಿಕೆಟ್ಟನ್ನು ಬೇರೆ ಬೇರೆ ಮಾಡಿಸಿದರೆ ಇವರಿಬ್ಬರೂ ಒಂದೇ ಮನೆಯವರೆಂದು ಗಣಕಯಂತ್ರಕ್ಕೆ ಗೊತ್ತಾಗುವುದಿಲ್ಲ. ಬಾಗಿಲಲ್ಲೂ ಅಷ್ಟೇ: ಮಗುವಿನ ಹೆಸರು ತಂದೆ ಅಥವಾ ತಾಯಿಯ ಟಿಕೆಟ್ಟಿನ ಅದೇ ಹಾಳೆಯಲ್ಲಿದ್ದರೆ ಸಿಬ್ಬಂದಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ.

ನನ್ನ ಬಳಿ ಟಿಕೆಟ್ ಮಾಡಿಸುವವರಿಗೆ ನಾನೀಗ ಮೊದಲು ಕೇಳುವುದು ಮಗುವಿನ ಜನನ ಪ್ರಮಾಣಪತ್ರವನ್ನೇ, ತಾರೀಖು ಆಮೇಲೆ. ಫೋಟೋ ಕಳಿಸಿದರೆ ಅದರಲ್ಲಿರುವ ಅಕ್ಷರಗಳನ್ನು ನೋಡಿಕೊಂಡೇ ಹೆಸರು ತುಂಬುತ್ತೇನೆ, ಹುಟ್ಟಿದ ದಿನವನ್ನು ಹೋಗುವ ಮತ್ತು ಬರುವ ಎರಡೂ ದಿನಗಳಿಗೆ ಹೋಲಿಸುತ್ತೇನೆ, ಮಗುವಿನ ಜೊತೆ ಯಾರು ಹೋಗುತ್ತಾರೆ ಎಂದು ಕೇಳುತ್ತೇನೆ. ಅಜ್ಜಿ ಎಂದರೆ ಬಾಲ ಆಧಾರ್ ಇದೆಯೇ ಎಂದು ವಿಚಾರಿಸುತ್ತೇನೆ. ಇಲ್ಲವೆಂದರೆ ಅದು ಕೈಗೆ ಬರುವವರೆಗೆ ಪ್ರಯಾಣದ ದಿನವನ್ನು ಮುಂದಕ್ಕೆ ಹಾಕಿ ಎನ್ನುತ್ತೇನೆ, ಅಥವಾ ಅವ್ವನೋ ಅಪ್ಪನೋ ಒಬ್ಬರು ಬಂದು ಕರೆದುಕೊಂಡು ಹೋಗಲಿ ಎನ್ನುತ್ತೇನೆ.